ಇಂಟರ್‌ನೆಟ್ ಇಲ್ಲದೆ ಮೊಬೈಲ್‌ನಲ್ಲಿ ಟಿವಿ: ಒಂದು ದೊಡ್ಡ ಟವರ್ ಇದ್ದರೆ ಸಾಕೇ?

"ಡೇಟಾ ಬೇಡ, ಈ ಆ್ಯಪ್ ಹಾಕಿಕೊಳ್ಳಿ, ಮೊಬೈಲ್‌ನಲ್ಲೇ ಉಚಿತ ಟಿವಿ ನೋಡಿ." ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ಡಿಜಿಟಲ್ ಟಿವಿ ಟವರ್‌ನ ಸಿಗ್ನಲ್‌ಗೆ ಇಂಟರ್‌ನೆಟ್ ಬೇಡ, ಹೌದು. 2016ರ ಫೆಬ್ರವರಿಯಲ್ಲಿ ದೂರದರ್ಶನ ಬೆಂಗಳೂರು ಸೇರಿ 16 ನಗರಗಳಲ್ಲಿ ಇಂಥ ಸೇವೆ ಆರಂಭಿಸಿತ್ತು. ಆದರೆ ಫೋನ್‌ನಲ್ಲಿ ನೋಡಲು ಡಿವಿಬಿ-ಟಿ2 ಡಾಂಗಲ್ ಸಿಕ್ಕಿಸಬೇಕಿತ್ತು. ಸಿಗ್ನಲ್ ಹಿಡಿಯುವುದು ಟ್ಯೂನರ್ ಎಂಬ ಬಿಡಿಭಾಗ. ಅದಿಲ್ಲದ ಫೋನ್‌ಗೆ ಯಾವ ಆ್ಯಪ್ ಹಾಕಿದರೂ ಪ್ರಯೋಜನವಿಲ್ಲ.

ಸರಿ, ಟ್ಯೂನರ್ ಇದ್ದರೆ ಎಲ್ಲೆಡೆ ಟಿವಿ ಬರುತ್ತದೆಯೇ? ಅದು ಟವರ್‌ಗಳನ್ನು ಎಲ್ಲಿ, ಹೇಗೆ ನಿಲ್ಲಿಸಿದ್ದಾರೆ ಎಂಬುದರ ಮೇಲಿದೆ.

ತಪ್ಪು ಕಲ್ಪನೆ 1: ಪವರ್ ಹೆಚ್ಚಿಸಿದರೆ ಎಷ್ಟು ದೂರಕ್ಕಾದರೂ ತಲುಪುತ್ತದೆ

ಟಿವಿ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿಯೋ ದುಂಡಗಿದೆ. 150 ಮೀಟರ್ ಎತ್ತರದ ಟವರ್‌ಗೆ ಸಮತಟ್ಟು ನೆಲದಲ್ಲಿ, 10 ಮೀಟರ್ ಎತ್ತರದ ಆಂಟೆನಾ ಸುಮಾರು 63 ಕಿ.ಮೀ. ದೂರದವರೆಗೆ 'ಕಾಣುತ್ತದೆ'. ಕೈಯಲ್ಲಿರುವ ಫೋನ್ ಆದರೆ ಸುಮಾರು 55 ಕಿ.ಮೀ. ನಡುವೆ ಗುಡ್ಡ, ಕಟ್ಟಡ ಬಂದರೆ ಇನ್ನೂ ಕಡಿಮೆ. ಪವರ್ ದುಪ್ಪಟ್ಟು ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಮನೆಯ ಗೋಡೆಗಳೇ ಅದಕ್ಕಿಂತ ಹೆಚ್ಚು ನುಂಗಿಬಿಡಬಹುದು.

ಹಳೆಯ ಟಿವಿಯಲ್ಲಿ ಸಿಗ್ನಲ್ ಕುಂದಿದರೆ ಚುಕ್ಕಿ ಚುಕ್ಕಿಯಾಗಿಯಾದರೂ ಚಿತ್ರ ಬರುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಲ್ಲ: ಸ್ಪಷ್ಟವಾಗಿದ್ದ ಚಿತ್ರ ಒಂದು ಹಂತ ದಾಟಿದರೆ ಚೌಕ ಚೌಕವಾಗಿ ಒಡೆದು ನಿಂತೇಹೋಗುತ್ತದೆ.

ತಪ್ಪು ಕಲ್ಪನೆ 2: ಒಂದೇ ಫ್ರೀಕ್ವೆನ್ಸಿಯ ಎರಡು ಟವರ್‌ಗಳು ಪರಸ್ಪರ ಕೆಡಿಸುತ್ತವೆ

ಹಳೆಯ ಅನಲಾಗ್ ಟಿವಿಯಲ್ಲಿ ಇದು ನಿಜವಾಗಿತ್ತು. ಡಿಜಿಟಲ್‌ನಲ್ಲಿ ಹಲವು ಟವರ್‌ಗಳು ಒಂದೇ ಕಾರ್ಯಕ್ರಮವನ್ನು, ಒಂದೇ ಫ್ರೀಕ್ವೆನ್ಸಿಯಲ್ಲಿ, ಜಿಪಿಎಸ್ ಗಡಿಯಾರಕ್ಕೆ ಹೊಂದಿಸಿಕೊಂಡು ಕಳಿಸಬಹುದು. ದೂರದ ಟವರ್‌ನ ಸಿಗ್ನಲ್ ತುಸು ತಡವಾಗಿ ಬಂದರೂ ತೊಂದರೆಯಾಗದಂತೆ ನಡುನಡುವೆ ಬಿಡುವಿನ ಸಮಯ ಇಟ್ಟಿರುತ್ತಾರೆ. ಡಿವಿಬಿ-ಟಿ2ನ 8 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಈ ಬಿಡುವು ಗರಿಷ್ಠ 532 ಮೈಕ್ರೋಸೆಕೆಂಡ್. ಅಷ್ಟರಲ್ಲಿ ತರಂಗ ಸುಮಾರು 160 ಕಿ.ಮೀ. ಸಾಗುತ್ತದೆ. ನಿಮ್ಮಿಂದ ಎರಡು ಟವರ್‌ಗಳಿಗಿರುವ ದೂರದ ವ್ಯತ್ಯಾಸ ಇದರೊಳಗಿದ್ದರೆ ಸಿಗ್ನಲ್‌ಗಳು ಜಗಳವಾಡುವುದಿಲ್ಲ, ಒಂದಕ್ಕೊಂದು ಆಸರೆಯಾಗುತ್ತವೆ. ವ್ಯತ್ಯಾಸ ಮೀರಿದರೆ ಮಾತ್ರ ಕೆಡಿಸುತ್ತವೆ. ಆದ್ದರಿಂದಲೇ ಟವರ್‌ಗಳ ಅಂತರವನ್ನು ಮೊದಲೇ ಲೆಕ್ಕ ಹಾಕಬೇಕು.

ಹಾಗಾದರೆ 'ವ್ಯಾಪ್ತಿಯಲ್ಲಿದೆ' ಎಂದರೇನು?

ಒಂದು ಸಣ್ಣ ಪ್ರದೇಶದ ನೂರು ಜಾಗಗಳಲ್ಲಿ 95ರಲ್ಲಿ ಸಿಗ್ನಲ್ ಸಿಕ್ಕರೆ ಯೋಜಕರು ಅದನ್ನು 'ಉತ್ತಮ' ಎನ್ನುತ್ತಾರೆ, 70ರಲ್ಲಿ ಸಿಕ್ಕರೆ 'ಪರವಾಗಿಲ್ಲ'. ಅಂದರೆ ನಕ್ಷೆಯಲ್ಲಿ ನಿಮ್ಮ ಊರಿಗೆ ಬಣ್ಣ ಬಳಿದಿದ್ದರೂ ನಿಮ್ಮ ಕೋಣೆಗೆ ಸಿಗ್ನಲ್ ಬಂದೇ ಬರುತ್ತದೆ ಎಂದಲ್ಲ. ಕಿಟಕಿಯ ಬಳಿ ಬರಬಹುದು, ಅಡುಗೆಮನೆಯಲ್ಲಿ ಬಾರದಿರಬಹುದು.

ಹಾಗಾಗಿ ಇಂಥ ಮೆಸೇಜ್ ಫಾರ್ವರ್ಡ್ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಫೋನ್‌ನಲ್ಲಿ ಟ್ಯೂನರ್ ಇದೆಯೇ? ಹತ್ತಿರದಲ್ಲಿ ಡಿಜಿಟಲ್ ಟವರ್ ಇದೆಯೇ? ಎರಡರಲ್ಲಿ ಒಂದಕ್ಕೆ 'ಇಲ್ಲ' ಎಂದಾದರೂ ಆ ಲಿಂಕ್ ಒತ್ತಬೇಡಿ, ಇನ್ನೊಬ್ಬರಿಗೂ ಕಳಿಸಬೇಡಿ.