ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಮತ್ತು ಕಾಲೋನಿ: ಹಾನಗಲ್ಲು–ಸವಣೂರು ಸೀಮೆಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ಪೀಠಿಕೆ

ಕರ್ನಾಟಕದ ನಗರ ಚರಿತ್ರೆಯನ್ನು ಬರೆಯುವಾಗ ರಾಜಧಾನಿ, ಕೋಟೆ, ಪೇಟೆ ಮತ್ತು ಮಠ ಇವು ಸಾಮಾನ್ಯವಾಗಿ ಅಧ್ಯಯನದ ಕೇಂದ್ರವಾಗಿರುತ್ತವೆ. ಒಂದು ಕಾರ್ಖಾನೆಯ ಅಗತ್ಯಕ್ಕಾಗಿಯೇ ಅಳತೆ ಹಾಕಿ ಕಟ್ಟಲಾದ ವಸತಿಯ ಕಡೆಗೆ ವಿದ್ವಾಂಸರ ಗಮನ ಹರಿದದ್ದು ಕಡಿಮೆ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಮತ್ತು ಅದನ್ನು ಸುತ್ತುವರಿದ ಕಾಲೋನಿ ಅಂಥ ವಸತಿಗೆ ಉತ್ತರ ಕರ್ನಾಟಕದಲ್ಲಿ ಸಿಗುವ ಮುಖ್ಯ ನಿದರ್ಶನ. ಹಾನಗಲ್ಲು, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಆರ್ಥಿಕ ಚರಿತ್ರೆಗೂ ಈ ಕಾರ್ಖಾನೆಗೂ ಇರುವ ಸಂಬಂಧ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಆಳವಾದುದು. ಹಳಿ ಹಾದುಹೋದ ಊರುಗಳಂತೆಯೇ ಹಳಿಯಿಂದ ದೂರ ಉಳಿದ ಊರುಗಳೂ ಅದರಿಂದ ಬದಲಾದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ಷಾಮ, ಹತ್ತಿ ಮತ್ತು ಹಳಿ

1876–78ರ ಮಹಾಕ್ಷಾಮವು ಅಂದಿನ ಮುಂಬಯಿ ಪ್ರಾಂತದ ದಕ್ಷಿಣ ಜಿಲ್ಲೆಗಳನ್ನು ತತ್ತರಿಸುವಂತೆ ಮಾಡಿತು. ಧಾನ್ಯವಿದ್ದ ಪ್ರದೇಶದಿಂದ ಇಲ್ಲದ ಪ್ರದೇಶಕ್ಕೆ ಅದನ್ನು ಸಾಗಿಸಲು ಎತ್ತಿನ ಗಾಡಿಯ ಹೊರತು ಬೇರೆ ಸಾಧನವಿರಲಿಲ್ಲ. ಬರಗಾಲದಲ್ಲಿ ಮೇವು ನೀರಿಲ್ಲದೆ ಎತ್ತುಗಳೇ ಸಾಯತೊಡಗಿದಾಗ ಆ ಸಾಧನವೂ ಕೈಕೊಟ್ಟಿತು. 1880ರ ಕ್ಷಾಮ ಆಯೋಗವು ಬರಪೀಡಿತ ಸೀಮೆಗಳಲ್ಲಿ ರೈಲು ಮಾರ್ಗಗಳನ್ನು ಹಾಕಬೇಕೆಂದು ಸೂಚಿಸಿತು. 1882ರಲ್ಲಿ ಸ್ಥಾಪನೆಗೊಂಡ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಈ ಹಿನ್ನೆಲೆಯಲ್ಲಿ ಹುಟ್ಟಿದ್ದು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು.

ಕ್ಷಾಮ ನಿವಾರಣೆ ಒಂದು ಕಾರಣವಾದರೆ ಹತ್ತಿ ಇನ್ನೊಂದು ಕಾರಣ. ಧಾರವಾಡ ಸೀಮೆಯ ಹತ್ತಿಯು ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ಬೆಳೆದ ಊರಿನ ಹೆಸರಿಗೆ ಬದಲಾಗಿ ಸಾಗಿಸಿದ ಬಂದರಿನ ಹೆಸರೇ ಅದಕ್ಕೆ ಅಂಟಿಕೊಂಡು ‘ಕುಮಟಾ ಹತ್ತಿ’ ಎಂದು ಮಾರುಕಟ್ಟೆಯಲ್ಲಿ ಪ್ರಸಿದ್ಧವಾಯಿತು. 1888ರಲ್ಲಿ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾ ಬಂದರಿಗೆ ರೈಲು ಸಂಪರ್ಕ ದೊರೆತ ಮೇಲೆ ಈ ವ್ಯಾಪಾರದ ದಿಕ್ಕು ಬದಲಾಯಿತು. ಶಿರಸಿ ಮತ್ತು ಯಲ್ಲಾಪುರದ ಹಾದಿಗಳಲ್ಲಿ ಗಾಡಿ ಹೊಡೆದು ಬದುಕುತ್ತಿದ್ದವರ ಕಸುಬಿಗೆ ಇದರಿಂದ ಪೆಟ್ಟು ಬಿದ್ದಿತು.

ಕಾರ್ಖಾನೆಯ ಸ್ಥಾಪನೆ ಮತ್ತು ಕೆಲಸದ ಸ್ವರೂಪ

ಪಶ್ಚಿಮಕ್ಕೆ ಲೋಂಡಾ, ಪೂರ್ವಕ್ಕೆ ಗದಗ, ದಕ್ಷಿಣಕ್ಕೆ ಹರಿಹರ, ಹೀಗೆ ಮೂರು ದಿಕ್ಕಿನ ಮಾರ್ಗಗಳು ಕೂಡುವ ಹುಬ್ಬಳ್ಳಿಯಲ್ಲಿ 1885ರಲ್ಲಿ ರೈಲ್ವೆ ಕಾರ್ಖಾನೆ ಆರಂಭವಾಯಿತು. ಮೀಟರ್ ಗೇಜಿನ ಉಗಿಬಂಡಿಗಳು, ಪ್ರಯಾಣಿಕರ ಡಬ್ಬಿಗಳು ಮತ್ತು ಸರಕು ವ್ಯಾಗನ್‌ಗಳ ದುರಸ್ತಿ ಅದರ ಮುಖ್ಯ ಕಾರ್ಯ. ಉಗಿಯಂತ್ರವು ಒಂದು ಕೈಯ ಕೆಲಸವಾಗಿರಲಿಲ್ಲ. ಬಾಯ್ಲರಿನ ಕೊಳವೆಗಳನ್ನು ಬದಲಿಸುವವರು, ಎರಕ ಹೊಯ್ಯುವವರು, ಕಮ್ಮಾರರು, ಫಿಟ್ಟರರು, ಡಬ್ಬಿಯ ಮರಗೆಲಸದ ಬಡಗಿಗಳು, ಬಣ್ಣ ಬಳಿಯುವವರು, ಇಷ್ಟೂ ಜನರ ಶ್ರಮ ಒಂದೇ ಆವರಣದಲ್ಲಿ ಸೇರಬೇಕಿತ್ತು. ಹಳ್ಳಿಯ ಆಯಗಾರ ವ್ಯವಸ್ಥೆಯಲ್ಲಿ ಸುಗ್ಗಿಯ ಕಾಳಿಗೆ ನೇಗಿಲು ಕುಂಟೆಗಳನ್ನು ಮಾಡಿಕೊಡುತ್ತಿದ್ದ ಕಸುಬಿಗೂ ಭೋಂಗಾದ ಸದ್ದಿಗೆ ಒಳಹೊಕ್ಕು ತಿಂಗಳ ಪಗಾರ ಪಡೆಯುವ ಕೆಲಸಕ್ಕೂ ನಡುವೆ ದೊಡ್ಡ ಅಂತರವಿತ್ತು. ಕೈಯ ಕೌಶಲ ಹಳೆಯದೇ ಆಗಿದ್ದರೂ ಕಾಲದ ಲೆಕ್ಕ ಹೊಸದಾಗಿತ್ತು.

ಆ ಕಾಲದ ಲೆಕ್ಕವನ್ನು ಕಾನೂನು ನಿಧಾನವಾಗಿ ಹಿಡಿತಕ್ಕೆ ತಂದಿತು. 1922ರ ಕಾರ್ಖಾನೆ ಕಾಯಿದೆಯು ವಾರದ ದುಡಿಮೆಯನ್ನು 60 ಗಂಟೆಗಳಿಗೆ ಮಿತಿಗೊಳಿಸಿತು. 1934ರ ಕಾಯಿದೆ ಅದನ್ನು 54ಕ್ಕೂ, 1946ರ ತಿದ್ದುಪಡಿ ಕಾಯಿದೆ 48ಕ್ಕೂ ಇಳಿಸಿತು. ಈ ಇಳಿಕೆ ಕೇವಲ ಸರಕಾರದ ಔದಾರ್ಯದಿಂದ ಬಂದುದಲ್ಲ. 1932ರಲ್ಲಿ ಉದ್ಯೋಗ ಕಡಿತದ ವಿರುದ್ಧ ಇದೇ ಕಂಪನಿಯ ಕಾರ್ಮಿಕರು ಪೆರಂಬೂರನ್ನು ಕೇಂದ್ರವಾಗಿರಿಸಿಕೊಂಡು ನಡೆಸಿದ ಮುಷ್ಕರವೂ, 1974ರ ಮೇ ತಿಂಗಳ ಅಖಿಲ ಭಾರತ ರೈಲ್ವೆ ಮುಷ್ಕರವೂ ರೈಲ್ವೆ ಕಾರ್ಮಿಕರ ಸಂಘಟಿತ ಎಚ್ಚರಕ್ಕೆ ಸಾಕ್ಷಿಗಳಾಗಿವೆ.

ಕಾಲೋನಿಯ ವಿನ್ಯಾಸ

1901ರ ಜನಗಣತಿಯ ವೇಳೆಗೆ ಹುಬ್ಬಳ್ಳಿಯ ಜನಸಂಖ್ಯೆ 60,214 ಆಗಿತ್ತು. ಹಳೆಯ ಪೇಟೆಯ ಓಣಿಗಳು ಜಾತಿ, ಕಸುಬು ಮತ್ತು ಗುಡಿಯ ಸುತ್ತ ತಾವಾಗಿಯೇ ಬೆಳೆದಂಥವು. ಕೇಶ್ವಾಪುರ ಮತ್ತು ಗದಗ ರಸ್ತೆಯ ಕಡೆಗೆ ಹರಡಿದ ರೈಲ್ವೆ ವಸತಿಯು ಇದಕ್ಕೆ ಭಿನ್ನವಾಗಿ ಹುದ್ದೆಯನ್ನು ಆಧಾರವಾಗಿ ಇಟ್ಟುಕೊಂಡಿತು. ಅಧಿಕಾರಿಗೆ ವಿಶಾಲ ಅಂಗಳದ ಬಂಗಲೆ, ಕೆಳಗಿನ ನೌಕರನಿಗೆ ಸಾಲು ಮನೆ. ಮನೆಯ ಅಳತೆಯನ್ನು ನೋಡಿಯೇ ವಾಸಿಸುವವರ ದರ್ಜೆಯನ್ನು ಹೇಳಬಹುದಿತ್ತು. ವಸಾಹತು ಕಾಲದಲ್ಲಿ ಭಾರತದ ರೈಲ್ವೆಗಳಲ್ಲಿ ಮೇಲ್ವಿಚಾರಣೆಯ ಹುದ್ದೆಗಳು ಬಹುಮಟ್ಟಿಗೆ ಯುರೋಪಿಯನ್ನರಿಗೂ ಆಂಗ್ಲೋ-ಇಂಡಿಯನ್ನರಿಗೂ ಮೀಸಲಾಗಿದ್ದುದರಿಂದ ಈ ದರ್ಜೆಯ ಗೆರೆಯು ವರ್ಣದ ಗೆರೆಯೂ ಆಗಿತ್ತು.

ಈ ವಿನ್ಯಾಸವನ್ನು ಒಂದೇ ಬಣ್ಣದಲ್ಲಿ ಚಿತ್ರಿಸುವುದು ಸರಿಯಲ್ಲ. ಜಾತಿಯ ಓಣಿಯಲ್ಲಿ ನೆರೆಹೊರೆಯಾಗಲು ಸಾಧ್ಯವೇ ಇರದ ಕುಟುಂಬಗಳು ಸಮಾನ ಹುದ್ದೆಯ ಕಾರಣದಿಂದ ಇಲ್ಲಿ ಒಂದೇ ಗೋಡೆಯ ಆಚೀಚೆ ಬಾಳಿದವು. ಕನ್ನಡ, ತೆಲುಗು, ತಮಿಳು, ಮರಾಠಿ, ಉರ್ದು ಭಾಷೆಗಳು ಒಂದೇ ನಲ್ಲಿಯ ಬಳಿ ಕೂಡಿದವು. ಆಸ್ಪತ್ರೆ, ಶಾಲೆ, ಆಟದ ಬಯಲು, ಇನ್‌ಸ್ಟಿಟ್ಯೂಟುಗಳಂಥ ಸೌಲಭ್ಯಗಳು ಕಾರ್ಮಿಕನ ಮಕ್ಕಳಿಗೂ ಬೇರೆ ಬದುಕಿನ ಕಲ್ಪನೆಯನ್ನು ಕೊಟ್ಟವು. ಆದರೆ ನೌಕರಿ ಇರುವವರೆಗೆ ಮಾತ್ರ ಮನೆ ಎಂಬ ನಿಯಮವು ಈ ಎಲ್ಲ ಭದ್ರತೆಯ ಬುಡದಲ್ಲಿಯೇ ಅಭದ್ರತೆಯನ್ನೂ ಇಟ್ಟಿತ್ತು. ನಿವೃತ್ತಿಯ ದಿನ ಕೆಲಸವಷ್ಟೇ ಅಲ್ಲ, ನೆರೆಹೊರೆಯೂ ಕೈಬಿಡುತ್ತಿತ್ತು.

ಹಳಿಯ ಅಂಚಿನ ತಾಲೂಕುಗಳು

ಹುಬ್ಬಳ್ಳಿ–ಹರಿಹರ ಮಾರ್ಗವು ಕುಂದಗೋಳ, ಗುಡಗೇರಿ, ಯಲವಿಗಿ, ಕರಜಗಿ, ಹಾವೇರಿ, ಬ್ಯಾಡಗಿ ಮತ್ತು ರಾಣೇಬೆನ್ನೂರುಗಳನ್ನು ಹಾದುಹೋಗುತ್ತದೆ. ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ವಿಲೀನಗೊಂಡ ಸವಣೂರಿಗೆ ಯಲವಿಗಿಯೇ ಹತ್ತಿರದ ನಿಲ್ದಾಣ. ಹಾನಗಲ್ಲು, ಶಿಗ್ಗಾವಿ ಮತ್ತು ಹಿರೇಕೆರೂರು ಪಟ್ಟಣಗಳು ಹಳಿಯ ಪಶ್ಚಿಮಕ್ಕೇ ಉಳಿದುಬಿಟ್ಟವು. ಇದರ ಪರಿಣಾಮವನ್ನು ಮಾರುಕಟ್ಟೆಗಳ ಚರಿತ್ರೆಯಲ್ಲಿ ಕಾಣಬಹುದು. ಹಳಿಯ ಮೇಲಿದ್ದ ಬ್ಯಾಡಗಿ ಮೆಣಸಿನಕಾಯಿಗೂ, ಹಾವೇರಿ ಏಲಕ್ಕಿಗೂ, ರಾಣೇಬೆನ್ನೂರು ಹತ್ತಿಗೂ ಹೆಸರಾದವು. ಕದಂಬರ ಕಾಲದಲ್ಲಿ ಪಾನುಂಗಲ್ಲು ಎಂದು ಖ್ಯಾತವಾಗಿ ನಾಡಿನ ಮುಖ್ಯಪಟ್ಟಣವಾಗಿದ್ದ ಹಾನಗಲ್ಲು ಭತ್ತದ ಸೀಮೆಯ ತಾಲೂಕು ಕೇಂದ್ರವಾಗಿ ಉಳಿಯಿತು. ಇದಕ್ಕೆ ರೈಲು ಒಂದೇ ಕಾರಣವೆನ್ನಲಾಗದು. ಆದರೆ ಭತ್ತವಾಗಲಿ, ಸವಣೂರಿನ ವೀಳ್ಯದೆಲೆಯಾಗಲಿ ದೂರದ ಪೇಟೆಗೆ ಹೋಗಬೇಕಾದರೆ ಮೊದಲು ಗಾಡಿಯ ಮೇಲೆ ನಿಲ್ದಾಣದವರೆಗೆ ಸಾಗಬೇಕಿತ್ತು ಎಂಬ ಹೆಚ್ಚುವರಿ ಹೊರೆಯನ್ನು ಅಲ್ಲಗಳೆಯಲಾಗದು. ಹೊಲವಿಲ್ಲದವನಿಗೂ ಇದೇ ಹಾದಿ. ನಿಲ್ದಾಣದವರೆಗೆ ನಡೆದು ಹುಬ್ಬಳ್ಳಿಯ ರೈಲು ಹತ್ತುವುದು ಮಳೆಯನ್ನು ನಂಬದ ಪಗಾರದ ಕಡೆಗಿನ ನಡಿಗೆಯಾಗಿತ್ತು.

ಸ್ಥಿತ್ಯಂತರಗಳು

1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ವಿಲೀನವಾಗಿ ಕಂಪನಿಯು ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯಾಯಿತು. ಮುಖ್ಯ ಕಚೇರಿ ಧಾರವಾಡವನ್ನು ಬಿಟ್ಟು ಮದ್ರಾಸಿಗೆ ಹೋಯಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಮುಂದೆ ಆ ತೆರವಾದ ಕಟ್ಟಡದಲ್ಲಿ ನೆಲೆಗೊಂಡು ಈ ನಾಡಿನ ಹಲವು ತಲೆಮಾರುಗಳಿಗೆ ವಿದ್ಯೆ ನೀಡಿತು. ಹುಬ್ಬಳ್ಳಿಯ ಕಾರ್ಖಾನೆಯು 1944ರಲ್ಲಿ ಸರಕಾರದ ಆಡಳಿತಕ್ಕೂ, 1951ರಲ್ಲಿ ದಕ್ಷಿಣ ರೈಲ್ವೆಗೂ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೂ ಸೇರಿತು. ನಿರ್ಧಾರಗಳು ಮದ್ರಾಸಿನಲ್ಲೋ ಸಿಕಂದರಾಬಾದಿನಲ್ಲೋ ಆಗುತ್ತಿದ್ದ ಈ ದೀರ್ಘ ಅವಧಿಯ ಅಸಮಾಧಾನವೇ ಪ್ರತ್ಯೇಕ ವಲಯದ ಬೇಡಿಕೆಗೆ ಬಲ ಕೊಟ್ಟಿತು. 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈರುತ್ಯ ರೈಲ್ವೆ ಕಾರ್ಯಾರಂಭ ಮಾಡಿತು. ಧಾರವಾಡವು ಕಳೆದುಕೊಂಡುದನ್ನು 95 ವರ್ಷಗಳ ಬಳಿಕ ಅವಳಿ ನಗರವು ಮರಳಿ ಪಡೆಯಿತು.

ಈ ನಡುವೆ 1990ರ ದಶಕದ ಗೇಜ್ ಪರಿವರ್ತನೆಯು ಕಾರ್ಖಾನೆಯ ಒಳಗನ್ನು ಬದಲಿಸಿತು. 1000 ಮಿ.ಮೀ. ಅಗಲದ ಹಳಿಯ ಸ್ಥಾನದಲ್ಲಿ 1676 ಮಿ.ಮೀ. ಹಳಿ ಬಂದಿತು. ಉಗಿಯಂತ್ರದೊಡನೆ ಹಲವು ಕಸುಬುಗಳೂ ತೆರೆಗೆ ಸರಿದು, ಡಬ್ಬಿಗಳ ನಿಯತಕಾಲಿಕ ದುರಸ್ತಿಯೇ ಮುಖ್ಯ ಕಾರ್ಯವಾಯಿತು.

ಸಮಾರೋಪ

2020ರಲ್ಲಿ ತೆರೆದ ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ 1907ರಲ್ಲಿ ಕಟ್ಟಿದ ‘ಮಲಪ್ರಭಾ’ ಮತ್ತು ‘ಘಟಪ್ರಭಾ’ ಎಂಬ ಎರಡು ಮನೆಗಳನ್ನು ಉಳಿಸಿಕೊಳ್ಳಲಾಗಿದೆ. ಇದು ಸ್ವಾಗತಾರ್ಹ. ಆದರೆ ಕಟ್ಟಡವು ತನ್ನಷ್ಟಕ್ಕೆ ಚರಿತ್ರೆಯಾಗಲಾರದು. ಮುಷ್ಕರದ ನೆನಪು, ಎರಕದ ಮನೆಯ ಪರಿಭಾಷೆ, ಐದು ಭಾಷೆಗಳು ಬೆರೆತ ಸಾಲುಮನೆಯ ಆಡುನುಡಿ ಇವು ನಿವೃತ್ತ ಕಾರ್ಮಿಕರ ಬಾಯಲ್ಲಿ ಮಾತ್ರ ಉಳಿಯಬಲ್ಲಂಥವು. ಉಗಿಬಂಡಿಯನ್ನು ಕೈಯಾರೆ ಬಿಚ್ಚಿ ಜೋಡಿಸಿದ ತಲೆಮಾರು ಇಂದು ವೃದ್ಧಾಪ್ಯದಲ್ಲಿದೆ. ಅವರ ಮಾತನ್ನು ದಾಖಲಿಸುವ ಕೆಲಸ ಹುಬ್ಬಳ್ಳಿಯ ಕಾಲೋನಿಯಲ್ಲಿ ನಡೆಯಬೇಕು. ಅವರನ್ನು ಕಳುಹಿಸಿಕೊಟ್ಟ ಹಳ್ಳಿಗಳಲ್ಲಿಯೂ ಅದು ಜೊತೆಜೊತೆಗೆ ನಡೆದಾಗಲೇ ಈ ಭಾಗದ ಕೈಗಾರಿಕಾ ಚರಿತ್ರೆ ಪೂರ್ಣಗೊಂಡೀತು.