ಮರದ ಸಿದ್ಧ ಕಟ್ಟಡ ಖರೀದಿಗೆ ಮುನ್ನ ಹೊರಾಂಗಣದ ಅಳತೆ: ಸಾರ್ವಜನಿಕರ ಮಾಹಿತಿಗಾಗಿ

1. ಉದ್ದೇಶ

ಹಿತ್ತಲು, ಅಂಗಳ ಅಥವಾ ತೋಟದ ಅಂಚಿನಲ್ಲಿ ಉಗ್ರಾಣ, ಓದುವ ಕೊಠಡಿ, ಅತಿಥಿ ಕೊಠಡಿ ಮುಂತಾದ ಉಪಯೋಗಗಳಿಗೆ ಮರದ ಸಿದ್ಧ ಕಟ್ಟಡವನ್ನು ಖರೀದಿಸಲು ಇಚ್ಛಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಟ್ಟಿಗೆಯ ಗೋಡೆಯನ್ನು ಸ್ಥಳಕ್ಕೆ ಹೊಂದುವಂತೆ ಕಟ್ಟಬಹುದು. ಸಿದ್ಧ ಕಟ್ಟಡದ ಹಲಗೆ, ತೊಲೆ ಮತ್ತು ಚೌಕಟ್ಟುಗಳು ನಿಗದಿತ ಅಳತೆಗೆ ಮೊದಲೇ ಕತ್ತರಿಸಲ್ಪಟ್ಟು ಬರುತ್ತವೆ. ಕತ್ತರಿಸಿದ ಮರವನ್ನು ಹಿಂದಿರುಗಿಸುವುದು ಕಷ್ಟಸಾಧ್ಯ. ಗಡಿ ಮೀರಿ ನಿಲ್ಲಿಸಿದಲ್ಲಿ ನೆರೆಯವರೊಡನೆ ವ್ಯಾಜ್ಯಕ್ಕೆ ಹಾಗೂ ತೆರವಿಗೆ ಕಾರಣವಾಗುತ್ತದೆ. ಆದುದರಿಂದ ಮುಂಗಡ ಹಣ ಪಾವತಿಸುವ ಮುನ್ನವೇ ಸ್ಥಳದ ಅಳತೆಯನ್ನು ಪೂರ್ಣಗೊಳಿಸತಕ್ಕದ್ದು.

2. ದಾಖಲೆಗಳ ಪರಿಶೀಲನೆ

ಮೊದಲು ಕ್ರಯಪತ್ರ ಮತ್ತು ಖಾತೆಯಲ್ಲಿ ನಮೂದಾಗಿರುವ ಪೂರ್ವ-ಪಶ್ಚಿಮ ಹಾಗೂ ಉತ್ತರ-ದಕ್ಷಿಣ ಅಳತೆ ಮತ್ತು ಚಕ್ಕುಬಂದಿಯನ್ನು ಓದಿಕೊಳ್ಳತಕ್ಕದ್ದು. ಸ್ಥಳದಲ್ಲಿ ಕಾಣುವ ಬೇಲಿ ಅಥವಾ ಕಾಂಪೌಂಡು ಗೋಡೆಯೇ ಗಡಿ ಎಂದು ಭಾವಿಸಬಾರದು. ದಾಖಲೆಯ ಅಳತೆಗೂ ಸ್ಥಳದ ಅಳತೆಗೂ ವ್ಯತ್ಯಾಸ ಕಂಡುಬಂದಲ್ಲಿ ಖರೀದಿಯನ್ನು ಮುಂದೂಡಿ, ಮೊದಲು ಗಡಿಯನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

ದಾಖಲೆಗಳಲ್ಲಿ ಬರುವ ಅಳತೆಯ ಮಾನಗಳು ಈ ಕೆಳಕಂಡಂತಿವೆ.

- 1 ಎಕರೆ = 40 ಗುಂಟೆ = 100 ಸೆಂಟ್ಸ್ = 43,560 ಚದರ ಅಡಿ
- 1 ಗುಂಟೆ = 16 ಆಣೆ = 1,089 ಚದರ ಅಡಿ (33 ಅಡಿ x 33 ಅಡಿ)
- 1 ಸೆಂಟ್ಸ್ = 435.6 ಚದರ ಅಡಿ
- 1 ಮೀಟರ್ = 3.28 ಅಡಿ

ಮಾರಾಟಗಾರರು ಮೀಟರ್‌ನಲ್ಲಿ ಅಳತೆ ನೀಡಿದ್ದಲ್ಲಿ ಅದನ್ನು ಅಡಿಗೆ ಪರಿವರ್ತಿಸಿ ಹೋಲಿಸತಕ್ಕದ್ದು. 4 ಮೀಟರ್ ಎಂದರೆ 12 ಅಡಿಯಲ್ಲ, 13 ಅಡಿಗೂ ಹೆಚ್ಚು.

3. ಅಳತೆ ಮಾಡುವ ವಿಧಾನ

(ಅ) ಜಾಗದ ನಾಲ್ಕು ಮೂಲೆಗಳಲ್ಲಿ ಗೂಟ ನೆಟ್ಟು ದಾರ ಕಟ್ಟಿ, ನಾಲ್ಕು ಬದಿಗಳನ್ನೂ ಪ್ರತ್ಯೇಕವಾಗಿ ಅಳೆಯತಕ್ಕದ್ದು. ಎದುರು ಬದಿಗಳು ಸಮನಾಗಿವೆ ಎಂದು ಊಹಿಸಬಾರದು.

(ಆ) ನಾಲ್ಕು ಬದಿಗಳ ಅಳತೆಯಿಂದ ಮಾತ್ರ ಜಾಗದ ಆಕಾರ ನಿರ್ಧಾರವಾಗುವುದಿಲ್ಲ. ಒಂದು ಮೂಲೆಯಿಂದ ಎದುರು ಮೂಲೆಗಿರುವ ಕರ್ಣವನ್ನೂ ಅಳೆಯತಕ್ಕದ್ದು. ಎದುರು ಬದಿಗಳು ಸಮನಾಗಿದ್ದು, ಎರಡು ಕರ್ಣಗಳೂ ಸಮನಾಗಿದ್ದಲ್ಲಿ ಮಾತ್ರ ಜಾಗವು ಮೂಲೆಮಟ್ಟಕ್ಕೆ ಸರಿಯಾಗಿದೆ ಎಂದು ತಿಳಿಯಬಹುದು.

(ಇ) ಒಂದು ಮೂಲೆಯನ್ನು ಪರೀಕ್ಷಿಸಲು, ಮೂಲೆಯಿಂದ ಒಂದು ಬದಿಯಲ್ಲಿ 3 ಅಡಿ, ಮತ್ತೊಂದು ಬದಿಯಲ್ಲಿ 4 ಅಡಿ ಗುರುತು ಮಾಡತಕ್ಕದ್ದು. ಗುರುತುಗಳ ನಡುವಣ ಅಂತರ 5 ಅಡಿ ಬಂದರೆ ಮೂಲೆ ಸರಿಯಾಗಿದೆ. ಇದೇ ರೀತಿ 12 ಅಡಿ x 16 ಅಡಿ ಅಳತೆಯ ಕಟ್ಟಡದ ಕರ್ಣವು 20 ಅಡಿ ಇರಬೇಕು.

(ಈ) ಇಳಿಜಾರು ಜಾಗದಲ್ಲಿ ಟೇಪನ್ನು ನೆಲಕ್ಕೆ ತಾಗಿಸದೆ ಮಟ್ಟಸವಾಗಿ ಹಿಡಿದು ಅಳೆಯತಕ್ಕದ್ದು. 16 ಅಡಿ ದೂರಕ್ಕೆ 4 ಅಡಿ ಇಳಿಯುವ ನೆಲದ ಮೇಲೆ ಟೇಪು ಹಾಸಿದರೆ ಸುಮಾರು 16 ಅಡಿ 6 ಅಂಗುಲ ತೋರಿಸುತ್ತದೆ. ಈ 6 ಅಂಗುಲ ಕಟ್ಟಡಕ್ಕೆ ದೊರೆಯುವುದಿಲ್ಲ.

4. ಕಟ್ಟಡಕ್ಕೆ ಬೇಕಾಗುವ ಜಾಗ

ಮಾರಾಟಗಾರರು ತಿಳಿಸುವ ಅಳತೆಯು ನೆಲದ ಅಳತೆಯೋ, ಗೋಡೆಯ ಹೊರ ಅಳತೆಯೋ ಅಥವಾ ಸೂರಿನ ಅಳತೆಯೋ ಎಂಬುದನ್ನು ಕೇಳಿ ತಿಳಿಯತಕ್ಕದ್ದು. 12 ಅಡಿ x 16 ಅಡಿ ಕಟ್ಟಡಕ್ಕೆ ಸುತ್ತಲೂ 1 ಅಡಿ ಸೂರು ಇದ್ದಲ್ಲಿ ಚಾವಣಿಯ ಅಳತೆ 14 ಅಡಿ x 18 ಅಡಿ ಆಗುತ್ತದೆ. ಸೂರಿನ ನೀರು ಸ್ವಂತ ಜಾಗದಲ್ಲಿಯೇ ಬಿದ್ದು ಹರಿದುಹೋಗಬೇಕು. ಇದಲ್ಲದೆ ಮರಕ್ಕೆ ಬಣ್ಣ ಬಳಿಯಲು, ಗೆದ್ದಲು ಹತ್ತಿದೆಯೇ ಎಂದು ನೋಡಲು ಹಾಗೂ ಗಾಳಿಯಾಡಲು ಎಲ್ಲ ಕಡೆಯೂ ಒಬ್ಬ ವ್ಯಕ್ತಿ ಓಡಾಡುವಷ್ಟು ಜಾಗ ಅವಶ್ಯಕ. ಹೊರಕ್ಕೆ ತೆರೆಯುವ ಬಾಗಿಲು, ಕಿಟಕಿ ಮತ್ತು ಮೆಟ್ಟಿಲಿನ ಜಾಗವನ್ನೂ ಸೇರಿಸತಕ್ಕದ್ದು.

ಉದಾಹರಣೆ: ಒಂದು ಹಿತ್ತಲಿನ ಅಗಲ ಮನೆಯ ಕಡೆ 20 ಅಡಿ, ಹಿಂಭಾಗದಲ್ಲಿ 17 ಅಡಿ ಹಾಗೂ ಉದ್ದ 24 ಅಡಿ ಇದೆ. ಒಂದು ಪಕ್ಕ ನೇರವಾಗಿದ್ದು, ಇನ್ನೊಂದು ಪಕ್ಕ ಓರೆಯಾಗಿದೆ. ಒಟ್ಟು ವಿಸ್ತೀರ್ಣ 444 ಚದರ ಅಡಿ. ಸುತ್ತಲೂ 3 ಅಡಿ ಬಿಟ್ಟು 12 ಅಡಿ x 16 ಅಡಿ ಕಟ್ಟಡ ನಿಲ್ಲಿಸಲು 18 ಅಡಿ x 22 ಅಡಿ, ಅಂದರೆ 396 ಚದರ ಅಡಿ ಬೇಕು. ಲೆಕ್ಕದಲ್ಲಿ ಜಾಗ ಸಾಕೆಂದು ತೋರುತ್ತದೆ. ಆದರೆ ಮನೆಯಿಂದ 22 ಅಡಿ ದೂರದಲ್ಲಿ ಹಿತ್ತಲಿನ ಅಗಲ 17 ಅಡಿ 3 ಅಂಗುಲ ಮಾತ್ರ ಇದ್ದು, 9 ಅಂಗುಲ ಕಡಿಮೆ ಬೀಳುತ್ತದೆ. ಇದೇ ಹಿತ್ತಲಿನಲ್ಲಿ 10 ಅಡಿ x 16 ಅಡಿ ಕಟ್ಟಡ ಸರಿಯಾಗಿ ಹಿಡಿಸುತ್ತದೆ. ಆದ್ದರಿಂದ ವಿಸ್ತೀರ್ಣವನ್ನು ಮಾತ್ರ ನೋಡಿ ಖರೀದಿಸಬಾರದು. ಜಾಗದ ಅತಿ ಕಿರಿದಾದ ಭಾಗದ ಅಳತೆಯನ್ನು ಆಧಾರವಾಗಿ ತೆಗೆದುಕೊಳ್ಳತಕ್ಕದ್ದು.

ಸೂಚನೆ: ಮೇಲಿನ 3 ಅಡಿ ಅಂತರವು ಉದಾಹರಣೆಗೆ ಮಾತ್ರ. ಕಾನೂನಿನ ಪ್ರಕಾರ ಬಿಡಬೇಕಾದ ಸೆಟ್‌ಬ್ಯಾಕ್ ವಿವರವನ್ನು ಸ್ಥಳೀಯ ಸಂಸ್ಥೆಯಿಂದ ಪಡೆಯತಕ್ಕದ್ದು.

5. ನೆಲದ ಮಟ್ಟ

ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ನಾಲ್ಕೂ ಮೂಲೆಗಳ ಮಟ್ಟವನ್ನು ನೋಡತಕ್ಕದ್ದು. ಮೂಲೆಗಳ ನಡುವೆ 1 ಅಡಿ ವ್ಯತ್ಯಾಸವಿದ್ದಲ್ಲಿ ತಗ್ಗಿನ ಬದಿಯ ಕಂಬ ಅಥವಾ ಕಟ್ಟೆಯನ್ನು 1 ಅಡಿ ಎತ್ತರಿಸಬೇಕಾಗುತ್ತದೆ. ಇದರ ವೆಚ್ಚವು ಕಟ್ಟಡದ ಬೆಲೆಯಲ್ಲಿ ಸೇರಿದೆಯೇ ಎಂದು ವಿಚಾರಿಸತಕ್ಕದ್ದು. ಮರದ ಯಾವುದೇ ಭಾಗವು ಮಣ್ಣಿಗೆ ನೇರವಾಗಿ ತಾಗಬಾರದು. ಮಳೆಗಾಲದಲ್ಲಿ ನೀರು ನಿಲ್ಲುವ ಸ್ಥಳವನ್ನು ಗುರುತಿಸಿ ಅದನ್ನು ಬಿಟ್ಟು ಅಳೆಯುವುದು ಉತ್ತಮ.

6. ಮೇಲೆ, ಕೆಳಗೆ ಮತ್ತು ದಾರಿ

(ಅ) ವಿದ್ಯುತ್ ತಂತಿ: ವಿದ್ಯುತ್ ಸುರಕ್ಷತಾ ನಿಯಮಗಳನ್ವಯ 650 ವೋಲ್ಟ್‌ವರೆಗಿನ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ 1.2 ಮೀಟರ್, ತಂತಿಯು ಕಟ್ಟಡದ ಮೇಲೆ ಹಾಯ್ದಿದ್ದಲ್ಲಿ ಚಾವಣಿಯಿಂದ 2.5 ಮೀಟರ್ ಕನಿಷ್ಠ ಅಂತರವಿರಬೇಕು. 11,000 ವೋಲ್ಟ್ ಮಾರ್ಗಕ್ಕೆ ಈ ಅಂತರಗಳು ಕ್ರಮವಾಗಿ 1.2 ಮೀಟರ್ ಮತ್ತು 3.7 ಮೀಟರ್. ತಂತಿಯ ಎತ್ತರವನ್ನು ಟೇಪು ಅಥವಾ ಕೋಲು ಎತ್ತಿ ಅಳೆಯುವುದು ಪ್ರಾಣಾಪಾಯಕರ. ಈ ಅಳತೆಗೆ ವಿದ್ಯುತ್ ಸರಬರಾಜು ಕಂಪನಿಯ ಸ್ಥಳೀಯ ಕಚೇರಿಯನ್ನು ಸಂಪರ್ಕಿಸತಕ್ಕದ್ದು.

(ಆ) ಶೌಚದ ಗುಂಡಿ, ನೀರಿನ ತೊಟ್ಟಿ, ಕೊಳವೆಬಾವಿ ಮತ್ತು ಒಳಚರಂಡಿ ಕೊಳವೆಗಳ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸತಕ್ಕದ್ದು. ಇವುಗಳ ಮುಚ್ಚಳದ ಮೇಲೆ ಕಟ್ಟಡ ಬರಬಾರದು. ಕೊಳವೆಬಾವಿಯ ಪಂಪು ಎತ್ತಲು ಮೇಲ್ಭಾಗ ತೆರೆದಿರಬೇಕು.

(ಇ) ರಸ್ತೆಯಿಂದ ಹಿತ್ತಲಿನವರೆಗಿನ ದಾರಿಯಲ್ಲಿ ಅತಿ ಕಿರಿದಾದ ಜಾಗ, ಗೇಟಿನ ಅಗಲ ಮತ್ತು ತಿರುವನ್ನು ಅಳೆದು, ಅತಿ ಉದ್ದದ ತೊಲೆ ಸಾಗುವುದೇ ಎಂದು ನೋಡತಕ್ಕದ್ದು.

7. ಪರವಾನಗಿ

ಮರದ ಕಟ್ಟಡಕ್ಕೆ ಪರವಾನಗಿ ಬೇಕಿಲ್ಲ ಎಂಬ ತಿಳಿವಳಿಕೆ ಸರಿಯಲ್ಲ. ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976ರಲ್ಲಿ ‘ಕಟ್ಟಡ’ ಎಂಬ ಪದದ ವ್ಯಾಪ್ತಿಗೆ ಮರದಿಂದ ನಿರ್ಮಿಸಿದ ರಚನೆಗಳೂ ಬರುತ್ತವೆ. ಗ್ರಾಮೀಣ ಪ್ರದೇಶದಲ್ಲಿ ಕಟ್ಟಡ ನಿರ್ಮಾಣಕ್ಕೆ ಪಂಚಾಯತ್ ರಾಜ್ ಅಧಿನಿಯಮ, 1993ರ ಅನ್ವಯ ಗ್ರಾಮ ಪಂಚಾಯಿತಿಯ ಅನುಮತಿ ಅವಶ್ಯಕ. ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸುವವರು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಕಲಮಿನ ಅಗತ್ಯಗಳನ್ನೂ ಪಾಲಿಸತಕ್ಕದ್ದು.

8. ಗಡಿಯ ಬಗ್ಗೆ ಸಂದೇಹವಿದ್ದಲ್ಲಿ

ಸರ್ವೆ ನಂಬರಿನ ಜಮೀನಿಗೆ ಹದ್ದುಬಸ್ತು ಕೋರಿ ನಾಡಕಚೇರಿಯ ಮೂಲಕ ಅರ್ಜಿ ಸಲ್ಲಿಸಬಹುದು. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ನೀಡಿ, ದಾಖಲೆಯಂತೆ ಗಡಿಯನ್ನು ಗುರುತಿಸುತ್ತಾರೆ. ಬಾಂದು ಕಲ್ಲನ್ನು ಕೀಳುವುದು ಅಥವಾ ಸರಿಸುವುದು ದಂಡನಾರ್ಹ. ಗ್ರಾಮಠಾಣಾ ಆಸ್ತಿಗಳಿಗೆ, 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಡಿ ಅಳತೆಯಾಗಿದ್ದಲ್ಲಿ, ಆಸ್ತಿ ಕಾರ್ಡಿನ ನಕ್ಷೆಯನ್ನು ನೋಡಬಹುದು.

9. ಖರೀದಿ ಆದೇಶದಲ್ಲಿ ಬರೆಸಬೇಕಾದ ಅಂಶಗಳು

- ಗೋಡೆಯ ಹೊರ ಅಳತೆ, ಸೂರಿನ ಅಳತೆ ಮತ್ತು ನೆಲದಿಂದ ಚಾವಣಿಯ ತುದಿಯವರೆಗಿನ ಎತ್ತರ
- ಬಾಗಿಲು ಮತ್ತು ಕಿಟಕಿ ತೆರೆಯುವ ದಿಕ್ಕು
- ತಳಪಾಯ, ಸಾಗಾಣಿಕೆ ಮತ್ತು ಜೋಡಣೆಯ ವೆಚ್ಚ ಯಾರದು ಎಂಬುದು
- ಮಾರಾಟಗಾರರು ಸ್ಥಳ ಪರಿಶೀಲಿಸಿ ಸಹಿ ಮಾಡಿದ ಅಳತೆಯ ನಕ್ಷೆ

ಸದರಿ ನಕ್ಷೆಯ ಒಂದು ಪ್ರತಿಯನ್ನು ಪರವಾನಗಿ ಅರ್ಜಿಯೊಂದಿಗೆ ಸಲ್ಲಿಸಲು ಇರಿಸಿಕೊಳ್ಳತಕ್ಕದ್ದು. ಪರವಾನಗಿ ದೊರೆತ ನಂತರವೇ ಪೂರ್ಣ ಹಣ ಪಾವತಿಸುವ ಷರತ್ತನ್ನು ಆದೇಶದಲ್ಲಿ ಸೇರಿಸುವುದು ಖರೀದಿದಾರರ ಹಿತದೃಷ್ಟಿಯಿಂದ ಸೂಕ್ತ. ಹೆಚ್ಚಿನ ವಿವರಗಳಿಗೆ ತಮ್ಮ ವ್ಯಾಪ್ತಿಯ ಗ್ರಾಮ ಪಂಚಾಯಿತಿ, ನಗರ ಸ್ಥಳೀಯ ಸಂಸ್ಥೆ ಅಥವಾ ತಾಲ್ಲೂಕು ಭೂಮಾಪನ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.