ಶಾಲಾ ಮನೋವಿಜ್ಞಾನಿಯ ತರಬೇತಿ
ಮಕ್ಕಳ ಕಲಿಕೆ, ನಡವಳಿಕೆಯ ತೊಡಕುಗಳನ್ನು ಗುರುತಿಸಿ ನೆರವಾಗುವ ಈ ವೃತ್ತಿಗೆ ಕರ್ನಾಟಕದಲ್ಲಿ ನೇರವಾದ ಒಂದೇ ಹಾದಿಯಿಲ್ಲ. ಮನೋವಿಜ್ಞಾನದಲ್ಲಿ ಎರಡು ವರ್ಷಗಳ ಎಂ.ಎ. ಅಥವಾ ಎಂ.ಎಸ್‌ಸಿ. ಬುನಾದಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು 1924ರಲ್ಲಿ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಕ್ಲಿನಿಕಲ್ ಮನೋವಿಜ್ಞಾನಿಯಾಗಲು ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಉನ್ನತ ತರಬೇತಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು.

ಪಾಠಕ್ಕಿಂತ ಪರೀಕ್ಷೆ ನಡೆಸುವ ಅಭ್ಯಾಸವೇ ಇಲ್ಲಿ ತಿರುಳು. ವಿ.ವಿ. ಕಾಮತ್ ಧಾರವಾಡದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆಂದು ಹೊಂದಿಸಿದ ಬಿನೆ-ಕಾಮತ್ ಬುದ್ಧಿಪರೀಕ್ಷೆ ಹಳತಾದರೂ ಬಳಕೆಯಲ್ಲಿದೆ. ಕಲಿಕಾ ನ್ಯೂನತೆಗೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ನ್ಯೂನತೆಯನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದ ಮೇಲೆ ಇಂಥ ಪರೀಕ್ಷೆಗಳ ತೂಕ ಹೆಚ್ಚಿತು. ಆದರೆ ಬೆಂಗಳೂರಿನ ಮತ್ತಿಕೆರೆಯಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಆಡುವ ಮಗುವನ್ನು ಯಾವ ಭಾಷೆಯಲ್ಲಿ ಅಳೆಯಬೇಕು? ಪಠ್ಯಕ್ರಮಗಳು ಈ ಪ್ರಶ್ನೆಗೆ ಇನ್ನೂ ಹೆಚ್ಚು ಜಾಗ ಕೊಡಬೇಕು.